ಟೈರಿಗೆ ಹಿಡಿತ ಸಿಕ್ಕ ಚಳಿಗಾಲ

ಬೆಲ್ಲದ ಪಾಕ ಕುದಿಯುವ ವಾಸನೆ ಮೂಗಿಗೆ ಬಿದ್ದರೆ ನನಗೆ ಹೊಟ್ಟೆ ತೊಳಸುತ್ತದೆ. ಗೋಕಾಕದ ಕಡೆಯ ಹೆಣ್ಣುಮಗಳೊಬ್ಬಳು ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ನಾಟಕ ಅನ್ನುತ್ತಾರೆ. ಈ ಸಲದ ಸಂಕ್ರಾಂತಿಗೆ ಇಲ್ಲೇ ಕೆನಡಾದ ಎರಿನ್ ಮಿಲ್ಸ್‌ನಲ್ಲಿರುವ ಶಾರದಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಧಾರವಾಡದ ಶಾರದಕ್ಕ ಇಲ್ಲಿರುವ ನಮ್ಮ ಕಡೆಯ ಕುಟುಂಬಗಳಿಗೆಲ್ಲ ಹಿರಿಯಕ್ಕ. ಅವರಿಲ್ಲದೆ ಹಬ್ಬದ ಯಾವ ಊಟವೂ ನಡೆಯುವುದಿಲ್ಲ. ಒಲೆಯ ಮೇಲೆ ಶೇಂಗಾ ಉಂಡಿಗೆ ಬೆಲ್ಲ ಕರಗುತ್ತಿತ್ತು. ನಾನು ಕೋಟನ್ನೂ ಹಾಕಿಕೊಳ್ಳದೆ ಬಾಲ್ಕನಿಗೆ ಓಡಿದೆ.

ಶಾರದಕ್ಕ ಸೌಟು ಹಿಡಿದುಕೊಂಡೇ ಹಿಂದೆ ಬಂದರು. "ಏನವಾ ಸುಮಾ, ಈ ವಯಸ್ಸಿನ್ಯಾಗ ಏನರ ವಿಶೇಷ ಅದ ಏನ ಮತ್ತ?"

"ವಿಶೇಷ ಏನೂ ಇಲ್ರಿ ಅಕ್ಕಾ. ಆ ವಾಸನಿ ನನಗ ಆಗೂದಿಲ್ಲ."

ಅವರು ನಗುತ್ತ ಒಳಗೆ ಹೋದರು. ಬಾಗಿಲು ಸ್ವಲ್ಪ ತೆರೆದೇ ಇತ್ತು. ಒಳಗಿನಿಂದ ನಮ್ಮ ಮನೆಯವರ ದನಿ ಕೇಳಿಸಿತು. ಹೊಸದಾಗಿ ಬಂದಿದ್ದ ಹುಬ್ಬಳ್ಳಿಯ ಗಂಡಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಅವರು ತಮ್ಮ ಕಥೆ ಶುರುಮಾಡಿದ್ದರು. "ಆ ವರ್ಷ ಬೋಲ್ಟನ್ನಿನ್ಯಾಗ ಬರಫ ಅಂದ್ರ ಬರಫ. ಟ್ರ್ಯಾಕ್ಟರ್ ಗಾಲಿ ಒಟ್ಟ ಹಿಡೀವಲ್ದು..." ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಎಲ್ಲಿ ಕೆಮ್ಮುತ್ತಾರೆ ಎನ್ನುವುದೂ ಗೊತ್ತು. ಅದರಲ್ಲಿ ಏನು ಇರುವುದಿಲ್ಲ ಎನ್ನುವುದೂ ಗೊತ್ತು. ಚಳಿಯಲ್ಲಿ ಕೈಕಟ್ಟಿ ನಿಂತ ನನಗೆ ಆ ಚಳಿಗಾಲ ಅದರ ನಾತದ ಸಮೇತ ಮತ್ತೆ ಬಂತು.

ಅದು ಎರಡು ಸಾವಿರದ ಹದಿನೆಂಟರ ಕೊನೆ. ಬೋಲ್ಟನ್ನಿನ ಹೊರಗೆ, ವೇರ್‌ಹೌಸುಗಳು ಮುಗಿದು ಹೊಲಗಳು ಶುರುವಾಗುವ ಕಡೆ ನಾವೊಂದು ಹಳೆಯ ಮನೆ ಕೊಂಡಿದ್ದೆವು. ರಸ್ತೆ ಮೇಲೆ, ಮನೆ ತಗ್ಗಿನಲ್ಲಿ. ಗರಾಜಿನಿಂದ ರಸ್ತೆಗೆ ಸೇರಬೇಕಾದರೆ ಉದ್ದನೆಯ ಏರು ಡ್ರೈವ್‌ವೇ. ಬೇಸಿಗೆಯಲ್ಲಿ ನೋಡಿದಾಗ ಅದು ಬಹಳ ಚೆಂದ ಕಂಡಿತ್ತು. ಮಾರಿದವನು ಹೋಗುವಾಗ ಗರಾಜಿನಲ್ಲಿ ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರೊಂದನ್ನು, ಅದರ ಮುಂದೆ ಸಿಕ್ಕಿಸುವ ಹಿಮ ತಳ್ಳುವ ಬ್ಲೇಡಿನ ಸಮೇತ, ಬಿಟ್ಟುಹೋಗುತ್ತೇನೆ ಎಂದಿದ್ದ. ಮನೆಯ ಗೋಡೆಯಲ್ಲಿ ಬಿರುಕಿತ್ತು, ಬೇಸ್‌ಮೆಂಟಿನಲ್ಲಿ ಬೂಷ್ಟಿನ ವಾಸನೆಯಿತ್ತು. ನಮ್ಮ ಮನೆಯವರಿಗೆ ಅದೊಂದೂ ಕಾಣಲಿಲ್ಲ. ಟ್ರ್ಯಾಕ್ಟರ್ ಕಂಡಿತು, ಸಹಿ ಹಾಕಿದರು.

ಅವರು ಕಬ್ಬು ಬೆಳೆಯುವ ಮನೆತನದವರು. ಊರು ಬಿಟ್ಟ ಮೇಲೆ ಕಂಪ್ಯೂಟರಿನ ಮುಂದೆ ಕೂತು ಗೋದಾಮಿನ ಸರಕಿನ ಲೆಕ್ಕ ನೋಡುವುದೇ ಕೆಲಸ. ಆ ಗೊಂಬೆಯಂಥ ಟ್ರ್ಯಾಕ್ಟರಿನ ಮೇಲೆ ಹತ್ತಿದ ದಿನ ಅವರ ಕೂರುವ ಗತ್ತೇ ಬದಲಾಯಿತು. ಹಿಮ ತೆಗೆಯುವವರಿಗೆ ಹೇಳಿಬಿಡೋಣ, ಅಕ್ಕಪಕ್ಕದವರೆಲ್ಲ ಸೀಸನ್ನಿಗೆ ಮಾತಾಡಿಕೊಂಡಿದ್ದಾರೆ ಎಂದೆ. "ಮನ್ಯಾಗ ಟ್ರ್ಯಾಕ್ಟರ್ ಇಟ್ಕೊಂಡು ಮಂದೀ ಕಡೆ ಬರಫ ತಗಿಸೂದಾ? ಊರಾಗ ಕೇಳಿದ್ರ ಮುಖದ ಮ್ಯಾಲ ನಗ್ತಾರ" ಎಂದರು. ಅಲ್ಲಿಗೆ ಮಾತು ಮುಗಿಯಿತು.

ನನ್ನದು ಬೇರೆಯೇ ಒಂದು ಹಟ ಇತ್ತು. ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ನಾನು ಪ್ಯಾಕಿಂಗ್ ಮಾಡುತ್ತಿದ್ದೆ. ದಿನವಿಡೀ ಕಾಂಕ್ರೀಟಿನ ಮೇಲೆ ನಿಂತು ಕುಂಯ್ ಕುಂಯ್ ಎನ್ನುವ ಸ್ಕ್ಯಾನರ್ ಹಿಡಿದು ಡಬ್ಬ ತುಂಬುವ ಕೆಲಸ. ಮನೆಗೆ ಬಂದರೂ ಕಿವಿಯಲ್ಲಿ ಅದೇ ಸದ್ದು. ಆ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಕೆಲಸ ಬಿಟ್ಟೆ. ನನಗೆ ಚೆನ್ನಾಗಿ ಬರುವುದು ಒಂದೇ, ಜೋಳದ ರೊಟ್ಟಿ. ಇಲ್ಲಿ ನಮ್ಮ ಕಡೆಯವರು ಖಡಕ್ ರೊಟ್ಟಿಗಾಗಿ ಬಾಯಿಬಾಯಿ ಬಿಡುತ್ತಾರೆ; ಮಾಡುವವರಿಲ್ಲ. ಶಾರದಕ್ಕ ಸಂಕ್ರಾಂತಿಯ ಕೂಟಕ್ಕೆ ರೊಟ್ಟಿಯನ್ನು ನನಗೇ ವಹಿಸಿದರು. "ಊಟಕ್ಕ ಎಲ್ಲಾರೂ ಬರ್ತಾರ. ನಿನ್ನ ರೊಟ್ಟಿ ಒಮ್ಮೆ ಬಾಯಿಗೆ ಹತ್ತಿತು ಅಂದ್ರ ವರ್ಷಾನುಗಟ್ಟಲೆ ನಿನಗ ಕೆಲಸಕ್ಕ ಬರ ಇಲ್ಲ" ಎಂದಿದ್ದರು. ಆ ಒಂದು ಊಟದ ಮೇಲೆ ನಾನು ಎಲ್ಲವನ್ನೂ ಕಟ್ಟಿಕೊಂಡಿದ್ದೆ. ರೊಟ್ಟಿ ಸರಿಯಾಗಿ ತಲುಪಿದರೆ ಸ್ಕ್ಯಾನರಿನ ಸಹವಾಸ ಮುಗಿಯಿತು. ಇಲ್ಲದಿದ್ದರೆ ಮತ್ತೆ ಅದೇ ಕಾಂಕ್ರೀಟು.

ಡಿಸೆಂಬರಿನಲ್ಲಿ ಹಿಮ ಬಿತ್ತು. ಹಿಮವನ್ನು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದು ಬಿಳಿಯಾಗಿರುವುದು ಒಂದೇ ಬೆಳಗು. ಆಮೇಲೆ ಉಪ್ಪು, ಮಣ್ಣು, ಎಣ್ಣೆ ಕಲಸಿಕೊಂಡು ಅಂಬಲಿಯಾಗುತ್ತದೆ. ಬೂಟಿನಿಂದ ಇಳಿದು ಕಾರ್ಪೆಟ್ಟಿನಲ್ಲಿ ಬೆಳ್ಳಗೆ ಕಲೆಯಾಗುತ್ತದೆ. ಹೀಟರಿನ ಮೇಲೆ ಒಣಗುವ ಕಾಲುಚೀಲದ ನಾತ ಮನೆಯೆಲ್ಲ ಹಬ್ಬುತ್ತದೆ. ಅಕ್ಕಪಕ್ಕದ ಮನೆಗಳ ನಾಯಿಗಳು ಮಾಡಿದ್ದನ್ನೆಲ್ಲ ಅದು ಜೋಪಾನವಾಗಿ ಮುಚ್ಚಿಟ್ಟುಕೊಂಡು, ಸ್ವಲ್ಪ ಬಿಸಿಲು ಬಂದಾಗ ಒಂದೊಂದಾಗಿ ತೋರಿಸುತ್ತದೆ. ಹೇಸಿಗೆ.

ಮೊದಲ ದಿನ ನಮ್ಮ ಮನೆಯವರು ಟ್ರ್ಯಾಕ್ಟರ್ ಹೊರಗೆ ತಂದು ಬ್ಲೇಡು ಇಳಿಸಿ ಏರು ಹತ್ತಿಸಿದರು. ಹತ್ತಲಿಲ್ಲ. ಹುಲ್ಲಿನ ಮೇಲೆ ಓಡುವ ಟೈರು ಅದು, ಹಲ್ಲೇ ಇಲ್ಲ, ಚಪ್ಪಟೆ. ನಿಂತಲ್ಲೇ ಗರಗರ ತಿರುಗಿ ಕೆಳಗಿನ ಹಿಮವನ್ನು ತಿಕ್ಕಿ ತಿಕ್ಕಿ ಗಾಜು ಮಾಡಿತು. ಗಾಳಿ ಸ್ವಲ್ಪ ಕಡಿಮೆ ಮಾಡಿದರು. ಮರಳಿನ ಚೀಲ ಹಿಂದೆ ಕಟ್ಟಿದರು. ಇನ್ನೂ ಭಾರ ಸಾಲದೆಂದು ಕೊನೆಗೆ ನನ್ನನ್ನು ಕರೆದರು.

"ಏ ಸುಮಾ, ಬಾ ಇಲ್ಲೆ. ಹಿಂದ ಹತ್ತಿ ನಿಂದ್ರು."

ನಮ್ಮಲ್ಲಿ ಹೊಲಕ್ಕೆ ಕೊರಡು ಹೊಡೆಯುವಾಗ ಭಾರಕ್ಕೆಂದು ಮನೆಯವರನ್ನೇ ಯಾರನ್ನಾದರೂ ಅದರ ಮೇಲೆ ನಿಲ್ಲಿಸುವುದುಂಟು. ಹೆಂಟೆ ಒಡೆಯಲು ಅಷ್ಟು ತೂಕ ಬೇಕು. ನಾನೂ ಚಿಕ್ಕವಳಿದ್ದಾಗ ನಿಂತಿದ್ದೆ, ಖುಷಿಯಿಂದಲೇ ನಿಂತಿದ್ದೆ. ಕೆನಡಾದಲ್ಲಿ, ನಲವತ್ತು ದಾಟಿದ ಮೇಲೆ, ಕೋಟು ಟೊಪ್ಪಿಗೆ ಹಾಕಿಕೊಂಡು ಟ್ರ್ಯಾಕ್ಟರಿನ ಹಿಂದೆ ಮರಳಿನ ಚೀಲದ ಪಕ್ಕ ಮತ್ತೊಂದು ಚೀಲವಾಗಿ ನಿಲ್ಲಬೇಕಾಗುತ್ತದೆಂದು ಯಾರು ಅಂದುಕೊಂಡಿದ್ದರು? ನಿಂತೆ. ಟೈರು ಒಮ್ಮೆ ಜಗ್ಗಿ ಬಿಟ್ಟಿತು. ನಾನು ಅಂಗಾತ ಬಿದ್ದೆ. ಕಿಟಕಿಯಿಂದ ನೋಡುತ್ತಿದ್ದ ಮಗಳು ಸಿರಿ ಹೊರಗೆ ಓಡಿಬಂದು ಬೈದಳು.

"ಅಪ್ಪಾ, ಆರ್ ಯು ಸೀರಿಯಸ್? ಜಸ್ಟ್ ಬೈ ಚೈನ್ಸ್! ಎವ್ರಿಬಡಿ ಹ್ಯಾಸ್ ಚೈನ್ಸ್." ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಕಬ್ಬಿಣದ ಸರಪಳಿಯ ಮಾತು ಅವಳದು.

"ಸರಪಳಿ ಕಟ್ಟಾಕ ಅದೇನ ಆನಿ ಏನವಾ? ಚಲೋ ಟ್ರ್ಯಾಕ್ಟರಿಗಿ ಭಾರ ಇದ್ರ ಸಾಕು" ಎಂದರು ಇವರು, ನನ್ನ ಬೆನ್ನಿನ ಹಿಮ ಕೊಡವುತ್ತ.

ಸಂಜೆ ಊರಿಗೆ ವಿಡಿಯೋ ಕಾಲ್ ಹೋಯಿತು. ಅಲ್ಲಿ ನಮ್ಮ ಭಾವ ಮಲ್ಲಪ್ಪನವರು, ಇವರ ಅಣ್ಣ, ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿದರು. "ಅಲ್ಲೋ ತಮ್ಮಾ, ಹಿಂದಿನ ಗಾಲಿಗಿ ನೀರ ತುಂಬಸೂದ ಬಿಟ್ಟು ಹೆಂಡ್ತೀನ ಯಾಕ ಹತ್ತಸ್ತಿ? ಮರತಿ ಏನ ಎಲ್ಲಾ?" ಎಂದರು. ನಮ್ಮ ಕಡೆ ಅದು ಎಲ್ಲರೂ ಮಾಡುವ ಕೆಲಸ. ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸಿದರೆ ಗಾಲಿ ನೆಲ ಕಚ್ಚುತ್ತದೆ, ಕಬ್ಬಿನ ಗಾಡಿ ಕೆಸರಿನಲ್ಲೂ ಎಳೆಯುತ್ತದೆ. ಇವರು ಹಣೆ ಬಡಿದುಕೊಂಡರು. ಇಷ್ಟು ಸುಲಭದ್ದು ಹೊಳೆಯಲಿಲ್ಲವಲ್ಲ ಎಂದು ಮರುದಿನವೇ ಪೈಪು ಹಚ್ಚಿ ಕುಳಿತರು.

"ಅಪ್ಪಾ, ಇಟ್ ವಿಲ್ ಫ್ರೀಝ್" ಎಂದಳು ಸಿರಿ.

"ಗಾಲಿ ತಿರಗತಿರ್ತೈತಿ. ತಿರಗೂ ನೀರು ಹೆಪ್ಪಗಟ್ಟಂಗಿಲ್ಲ."

ಟ್ರ್ಯಾಕ್ಟರನ್ನು ದಿನವಿಡೀ ಯಾರು ತಿರುಗಿಸುತ್ತ ಕೂರುತ್ತಾರೆ ಎಂದು ನಾನು ಕೇಳಲಿಲ್ಲ. ನಡುವೆ ಬಂದ ಬೆಚ್ಚನೆಯ ದಿನಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು, ಅದರ ವಿಡಿಯೋ ಊರಿನ ಗುಂಪಿಗೆಲ್ಲ ಹೋಯಿತು. ಆಮೇಲೆ ನಿಜವಾದ ಚಳಿ ಬಂತು. ನೀರು ಟೈರಿನ ತಳದಲ್ಲಿ ಕೂತಲ್ಲೇ ಗಡ್ಡೆಯಾಯಿತು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಪೊಳ್ಳು. ಟ್ರ್ಯಾಕ್ಟರು ಕುಂಟೆತ್ತಿನಂತೆ ಧಡಲ್ ಧಡಲ್ ಎಂದು ಎದ್ದು ಬಿದ್ದು ನಡೆಯಿತು. ಗಡ್ಡೆ ಕರಗಿಸಿ ನೀರು ತೆಗೆಯಲು ಇವರು ಬಿಸಿನೀರು ಕಾಯಿಸಿಕೊಡು, ಹೇರ್ ಡ್ರೈಯರ್ ಕೊಡು ಎಂದು ನನ್ನ ಅಡುಗೆಮನೆಗೂ ಗರಾಜಿಗೂ ಒದ್ದೆ ಬೂಟಿನಲ್ಲಿ ಓಡಾಡಿದರು. ನಾನು ನೆಲ ಒರೆಸಿದೆ. ಮತ್ತೆ ಒರೆಸಿದೆ.

ಇಷ್ಟಕ್ಕೆ ನಿಲ್ಲುತ್ತದೆಂದು ನಾನು ತಿಳಿದಿದ್ದೆ. ಜನವರಿಯಲ್ಲಿ ಅವರು ಎಲ್ಲಿಂದಲೋ ಒಂದು ಡ್ರಮ್ಮು ತಂದರು. ಇಲ್ಲಿನ ರೈತರು ಟೈರಿಗೆ ತುಂಬುವುದು ನೀರಲ್ಲವಂತೆ, ಬೀಟ್ ರಸವಂತೆ. ಸಕ್ಕರೆ ಬೀಟಿನ ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದನೆಯ ಕಂದು ದ್ರವ. ನೀರಿಗಿಂತ ಭಾರ, ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಮುಚ್ಚಳ ತೆಗೆದು ಮೂಗು ಇಟ್ಟು ಕಣ್ಣು ಮುಚ್ಚಿದರು.

"ಬಾ, ಒಮ್ಮೆ ಮೂಸಿ ನೋಡು. ಥೇಟ್ ಕಾಕಂಬಿ! ನಮ್ಮ ಊರಾಗ ನಿಂತಂಗ ಆಗ್ತೈತಿ."

ಸಕ್ಕರೆ ಫ್ಯಾಕ್ಟರಿಯ ಆ ಕಪ್ಪು ಪಾಕದ ವಾಸನೆಗೆ ಅವರಿಗೆ ಊರು ನೆನಪಾಯಿತು. ನನಗೂ ಆಯಿತು. ನನ್ನ ತವರಿನ ಹಿಂದೆ ಸಕ್ಕರೆ ಫ್ಯಾಕ್ಟರಿಯ ಹೊಲಸು ನೀರು ಹರಿಯುವ ಹಳ್ಳವಿತ್ತು. ಕಪ್ಪು ನೀರು, ಮೇಲೆ ನೊರೆ, ಸಿಹಿಯೂ ಕೊಳಕೂ ಕೂಡಿದ ನಾತ. ಒಗೆದ ಬಟ್ಟೆಗೆ, ತಲೆಗೂದಲಿಗೆ, ಉಣ್ಣುವ ತುತ್ತಿಗೆ ಎಲ್ಲಕ್ಕೂ ಅದೇ ವಾಸನೆ. ಶಾಲೆಯ ಬಸ್ಸಿನಲ್ಲಿ ಹುಡುಗಿಯರು ನನ್ನ ಪಕ್ಕ ಕೂರುತ್ತಿರಲಿಲ್ಲ. ಆ ನಾತದಿಂದ ಪಾರಾದೆನೆಂದುಕೊಂಡು ಸಮುದ್ರ ದಾಟಿ ಬಂದವಳು ನಾನು. ಅದನ್ನು ಇವರು ಡ್ರಮ್ಮಿನಲ್ಲಿ ತುಂಬಿಸಿಕೊಂಡು ನನ್ನ ಗರಾಜಿಗೇ ತಂದಿದ್ದರು.

ಗರಾಜು ನನ್ನದೂ ಆಗಿತ್ತು. ಖಡಕ್ ರೊಟ್ಟಿಗೆ ಒಣ ತಂಪು ಬೇಕು, ಅಡುಗೆಮನೆಯ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ಹಾಗಾಗಿ ಗರಾಜಿನ ಗೋಡೆಯ ಹಲಗೆಗಳನ್ನು ತೊಳೆದು, ಬಿಳಿ ಬಟ್ಟೆ ಹಾಸಿ, ಬೆತ್ತದ ತಟ್ಟೆಗಳಲ್ಲಿ ರೊಟ್ಟಿ ಪೇರಿಸಿದ್ದೆ. ಆ ವಾರವೆಲ್ಲ ಬಡಿದಿದ್ದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿ ಜೋಳದ ರೊಟ್ಟಿ. ಬಡಿದು ಬಡಿದು ಅಂಗೈ ಕೆಂಪಾಗಿ ಊದಿತ್ತು, ಭುಜ ಎತ್ತಲು ಬರುತ್ತಿರಲಿಲ್ಲ. ಆದರೂ ಒಂದೊಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಹೊಟ್ಟೆ ತಣ್ಣಗಾಗುತ್ತಿತ್ತು. ಹಿಟ್ಟಿನ ಚೀಲ ಖಾಲಿಯಾದ ದಿನ ಪೇರಿಸುವ ಕೆಲಸವೂ ಮುಗಿದಿತ್ತು.

ಅದು ಶುಕ್ರವಾರ. ಶನಿವಾರ ಮಧ್ಯಾಹ್ನ ಸಂಕ್ರಾಂತಿಯ ಊಟ. ಶುಕ್ರವಾರ ಸಂಜೆಗೇ ಹೊರಗೆ ಹಿಮ ಸುರಿಯತೊಡಗಿತ್ತು. ಇವರು ಗರಾಜಿನಲ್ಲಿ ಡ್ರಮ್ಮು, ಕೈಪಂಪು ಹಿಡಿದು ಟೈರು ತುಂಬಿಸುತ್ತಿದ್ದರು.

"ನಿಮ್ಮ ಕೈ ಮುಗೀತೀನ್ರೀ, ಇದನ್ನ ಹೊರಗ ಮಾಡ್ರಿ. ಇಲ್ಲೆ ರೊಟ್ಟಿ ಅದಾವು" ಎಂದೆ.

"ಹೊರಗ ಬಟ್ಟು ಸೆಟೀತಾವ. ಒಂದ ಗಾಲಿ ಆಗೇತಿ, ಇನ್ನೊಂದ ಅರ್ಧ ಉಳದೈತಿ. ನಾಳೆ ನಿನ್ನ ರೊಟ್ಟಿ ಹೋಗಾಕನs ಮಾಡಾಕತ್ತೇನಲ್ಲಾ?"

ನಾನು ಒಳಗೆ ಬಂದು ಶೇಂಗಾ ಚಟ್ನಿ ಕುಟ್ಟಲು ಕೂತೆ. ಸ್ವಲ್ಪ ಹೊತ್ತಿಗೆ ಗರಾಜಿನಲ್ಲಿ ಫಟ್ ಎಂದು ಸದ್ದು, ಹಿಂದೆಯೇ ಇವರ ಕೂಗು. ಓಡಿದೆ. ಟೈರಿನ ವಾಲ್ವಿನಿಂದ ಪೈಪು ಕಿತ್ತುಬಂದು, ಒಳಗಿನ ಒತ್ತಡಕ್ಕೆ ಕಂದು ರಸ ಕಾರಂಜಿಯಾಗಿ ಚಿಮ್ಮುತ್ತಿತ್ತು. ಇವರು ಹೆಬ್ಬೆರಳು ಒತ್ತಿ ಹಿಡಿಯಲು ಹೋಗಿ ಅದನ್ನು ಇನ್ನೂ ಅಗಲವಾಗಿ ಹಾರಿಸಿದರು. ನನ್ನ ಮುಖಕ್ಕೆ, ಕೂದಲಿಗೆ ಬಿತ್ತು. ಕಣ್ಣೊರೆಸಿಕೊಂಡು ಗೋಡೆಯ ಕಡೆ ನೋಡಿದೆ. ಬಿಳಿ ಬಟ್ಟೆಗಳು ಕಂದಾಗಿದ್ದವು. ಹಲಗೆಯಿಂದ ಹಲಗೆಗೆ ಅಂಟು ಅಂಟಾಗಿ ಇಳಿದು ರೊಟ್ಟಿಯ ಸಾಲುಗಳೊಳಗೆ ಹೋಗುತ್ತಿತ್ತು. ತುಟಿಗೆ ಬಿದ್ದದ್ದು ಸಿಹಿಯಾಗಿತ್ತು. ನಾನು ಅಲ್ಲೇ ಮೂಲೆಯಲ್ಲಿ ವಾಂತಿ ಮಾಡಿಕೊಂಡೆ.

ಇವರು ವಾಲ್ವು ಮುಚ್ಚಿ ಬಂದು ತಟ್ಟೆಗಳನ್ನು ಸರಿಸಿ ನೋಡಿದರು. "ಮ್ಯಾಲಿನವು ಅಷ್ಟ ಹೋಗ್ಯಾವು. ಕೆಳಗಿನವು ಅಂಚು ಅಷ್ಟ ತೊಯ್ದಾವು. ಬಟ್ಟೀಲೆ ಒರಸಿ ಒಲಿ ಮ್ಯಾಲ ಒಮ್ಮೆ ತೋರಸು. ಬೆಲ್ಲದ ಜಾತೀದs ಅಲ್ಲೇನು, ದನಕ್ಕ ಮೇವಿನಾಗ ಹಾಕ್ತಾರಂತ. ಯಾರಿಗಿ ಗೊತ್ತಾಗ್ತೈತಿ?"

ಆ ಮಾತು ಕೇಳಿ ನನಗಾದ ಅಸಹ್ಯ ಆ ರಸದ್ದಲ್ಲ. ಟೈರಿನೊಳಗೆ ಹೋಗಿ ಬಂದದ್ದನ್ನು ಒರೆಸಿ ಹಬ್ಬದ ಎಲೆಗೆ ಬಡಿಸು ಎಂದು ಇಷ್ಟು ಸಲೀಸಾಗಿ ಹೇಳಬಹುದಾದ ಮನುಷ್ಯನ ಜೊತೆ ಇಷ್ಟು ವರ್ಷ ಉಂಡಿದ್ದೇನಲ್ಲ ಎನಿಸಿತು. "ಒಂದ ರೊಟ್ಟೀನೂ ಈ ಮನೀ ಹೊಸ್ತಿಲಾ ದಾಟೂದಿಲ್ಲ. ನನ್ನ ಹೆಸರು ಐತಿ ಅದರ ಮ್ಯಾಲ" ಎಂದೆ. ಸಿರಿ ಬಾಗಿಲಲ್ಲಿ ಮೂಗು ಹಿಡಿದು ನಿಂತಿದ್ದಳು. "ಅಮ್ಮಾ, ದಿಸ್ ಈಸ್ ಸೋ ಗ್ರೋಸ್" ಎಂದವಳು, ನನ್ನ ಮುಖ ನೋಡಿ ಟವೆಲ್ ತರಲು ಓಡಿದಳು.

ತಲೆಗೆ ಎಷ್ಟು ಸೀಗೇಪುಡಿ ಹಾಕಿ ತಿಕ್ಕಿದರೂ ಜಿಗುಟು ಹೋಗಲಿಲ್ಲ. ಸ್ನಾನ ಮುಗಿಸಿ ಬರುವಾಗ ಇವರು ಹಾಲಿನಲ್ಲಿ ಫೋನಿನಲ್ಲಿದ್ದರು. "ಹೌದ್ರೀ ಶಾರದಕ್ಕಾ, ಮೈ ಕೆಂಡದಂಗ ಸುಡಾಕತ್ತೈತಿ. ರೊಟ್ಟಿ ಶುರುನೂ ಮಾಡಾಕ ಆಗಲಿಲ್ರಿ ಅಕೀಗೆ. ನೀವು ಬ್ಯಾರೆ ಏನರ ನೋಡ್ಕೊಳ್ರಿ." ಫೋನಿಟ್ಟು ನನ್ನ ಕಡೆ ತಿರುಗಿ, "ಟೈರಿನ ಕಥಿ ಹೇಳಾಕ ಆಗ್ತೈತೇನ? ಮಂದಿ ನಗ್ತಾರ" ಎಂದರು. ಫೋನು ಕಸಿದುಕೊಂಡು ನಿಜ ಹೇಳಬೇಕಿತ್ತು ಎಂದು ಈಗ ಯಾರಾದರೂ ಅನ್ನಬಹುದು. ನನಗೆ ಆಗ ಆ ಮನುಷ್ಯನ ಹತ್ತಿರ ಹೋಗುವುದೇ ಬೇಡವಾಗಿತ್ತು. ಜ್ವರ ಬಂದವಳಂತೆ ಹೋಗಿ ಮಲಗಿಕೊಂಡೆ.

ಮರುದಿನ ಬೆಳಗ್ಗೆ ಎದ್ದು ಕಿಟಕಿಯ ಬಳಿ ಬಂದರೆ ಟ್ರ್ಯಾಕ್ಟರು ಏರಿನ ಅರ್ಧದಲ್ಲಿ ನಿಂತಿತ್ತು. ಭಾರವಾದ ಟೈರು ಮೊದಲಿಗಿಂತ ಮುಂದೆ ಹೋಗಿತ್ತು ನಿಜ, ಆದರೆ ಹಿಮದ ಕೆಳಗಿನ ಮಂಜುಗಡ್ಡೆಗೆ ಹಲ್ಲಿಲ್ಲದ ಟೈರು ಕಚ್ಚಲಿಲ್ಲ. ಇವರು ಇಳಿದರು, ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು, ಗರಾಜಿನೊಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ನನ್ನ ಬೆತ್ತದ ತಟ್ಟೆಯಿತ್ತು.

ಮೊದಲು ನನಗೆ ಅರ್ಥವಾಗಲಿಲ್ಲ. ಅವರು ಬಗ್ಗಿ ಟೈರಿನ ಕೆಳಗೆ ಒಂದು ರೊಟ್ಟಿ ಇಟ್ಟರು, ಅದರ ಮುಂದೆ ಇನ್ನೊಂದು, ಮತ್ತೊಂದು, ಮೇಲಿನವರೆಗೆ ಎರಡು ಸಾಲು ಹಾಸಿದರು. ರಸ ಕುಡಿದ ರೊಟ್ಟಿ ಮಂಜಿಗೆ ಗಕ್ಕನೆ ಅಂಟಿಕೊಂಡಿತು. ಟ್ರ್ಯಾಕ್ಟರ್ ಹತ್ತಿ ಗೇರು ಹಾಕಿದರು. ಕರಕರ ಎಂದು ಮುರಿಯುವ ಸದ್ದು ಕಿಟಕಿಯ ಗಾಜು ದಾಟಿ ನನಗೆ ಕೇಳಿಸಿತು. ಟೈರು ಹಿಡಿಯಿತು. ಒಮ್ಮೆಯೂ ಜಾರದೆ ಏರು ಹತ್ತಿತು.

"ಹಿಡೀತು! ಹಿಡೀತು ನೋಡಣ್ಣಾ!" ಎಂದು ಇವರು ಕೂಗುತ್ತಿದ್ದರು. ಒಂದು ಕೈಯಲ್ಲಿ ಫೋನಿತ್ತು. ಅದರೊಳಗಿಂದ ಭಾವನ ದನಿ, "ಭಲೆ ತಮ್ಮಾ! ಗಾಲಿ ನೆಲಾ ಕಚ್ಚೈತಿ ನೋಡು!"

ಅನ್ನ ಒಂದಗುಳು ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಗಳಿಂದ ಬಂದವರು ನಾವಿಬ್ಬರೂ. ನನ್ನ ಅಂಗೈಯ ಊತ ಇನ್ನೂ ಇಳಿದಿರಲಿಲ್ಲ. ಆ ರೊಟ್ಟಿ ಹೇಗೂ ಕಸವೇ ಆಗಿತ್ತು, ನಾನೇ ಬೇಡವೆಂದದ್ದು. ಅದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ. ಮಧ್ಯಾಹ್ನದ ಹೊತ್ತಿಗೆ ಡ್ರೈವ್‌ವೇ ರಸ್ತೆಯವರೆಗೆ ಸ್ವಚ್ಛವಾಗಿತ್ತು. ನಿಜವಾದ ಚಳಿ ಬಂದ ಮೇಲೆ ಮೊದಲ ಸಲ ಕಾರು ಸಲೀಸಾಗಿ ಮೇಲೆ ಹೋಗಬಹುದಿತ್ತು. ಅದರಲ್ಲಿ ಇಟ್ಟುಕೊಂಡು ಹೋಗಲು ನನ್ನ ಬಳಿ ಏನೂ ಇರಲಿಲ್ಲ.

ಫೆಬ್ರವರಿಯಲ್ಲಿ ನಾನು ಮತ್ತೆ ಸ್ಕ್ಯಾನರ್ ಹಿಡಿದೆ. ಆಮೇಲಿನ ಯಾವ ಹಬ್ಬಕ್ಕೂ ಯಾರೂ ರೊಟ್ಟಿ ಕೇಳಲಿಲ್ಲ. ಸುಮಾ ಚಲೋ ಮಾಡ್ತಾಳ, ಆದರ ಟೈಮಿಗೆ ಕೈ ಕೊಡ್ತಾಳ ಎಂಬ ಮಾತು ಸುತ್ತಿ ಬಳಸಿ ನನ್ನ ಕಿವಿಗೂ ಬಂತು. ಮಾರ್ಚಿನಲ್ಲಿ ಹಿಮ ಕರಗಿದಾಗ ಡ್ರೈವ್‌ವೇಯ ಎರಡೂ ಅಂಚಿನಲ್ಲಿ ಕಂದು ಮುದ್ದೆಗಳು ಹೊರಬಂದವು. ಸರೋವರದ ಕಡೆಯಿಂದ ಕಡಲಹಕ್ಕಿಗಳು ಬಂದು ಕುಕ್ಕಿ, ಬೇಡವಾಗಿ ಬಿಟ್ಟುಹೋದವು. ಗುದ್ದಲಿ ಹಿಡಿದು ಕೆರೆದವಳು ನಾನೇ. ಮುಂದಿನ ಚಳಿಗಾಲಕ್ಕೆ ಇವರು ಸದ್ದಿಲ್ಲದೆ ಚೈನು ತಂದು ಟೈರಿಗೆ ಕಟ್ಟಿದರು. ಮೊದಲ ದಿನವೇ ಟ್ರ್ಯಾಕ್ಟರು ತಕರಾರಿಲ್ಲದೆ ಏರು ಹತ್ತಿತು. ಅದರ ವಿಡಿಯೋ ಯಾರಿಗೂ ಹೋಗಲಿಲ್ಲ.

ಬಾಲ್ಕನಿಯಲ್ಲಿ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಒಳಗೆ ಕಥೆ ಕೊನೆಗೆ ಬಂದಿತ್ತು. "...ಕಡೀಕ ನನಗs ಒಂದ ಐಡಿಯಾ ಹೊಳೀತು. ಗಾಲಿ ಬುಡಕ ಹಾಕಿದೆ ನೋಡ್ರಿ, ಸರ್ರಂತ ಹತ್ತಿತು!" ಎಂದು ಇವರು ತೊಡೆ ತಟ್ಟಿದರು.

"ಏನ ಹಾಕಿದ್ರಿ ಬುಡಕ?" ಹೊಸದಾಗಿ ಬಂದ ಹುಬ್ಬಳ್ಳಿಯ ಹುಡುಗಿ ಕೇಳಿದಳು.

"ಏನೋ ಮನ್ಯಾಗ ಬಿದ್ದಿದ್ದು" ಎಂದರು.

ನಾನು ಬಾಗಿಲು ತಳ್ಳಿ ಒಳಗೆ ಹೋದೆ. ಬೆಲ್ಲದ ವಾಸನೆ ಮುಖಕ್ಕೆ ರಾಚಿತು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ.

"ರೊಟ್ಟಿ" ಎಂದೆ. "ನಾ ಬಡದ ರೊಟ್ಟಿ."

ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ಶಾರದಕ್ಕ ಒಲೆ ಆರಿಸಿ ಈ ಕಡೆ ತಿರುಗಿದರು. ನನ್ನನ್ನು ನೋಡಿದರು, ಇವರನ್ನು ನೋಡಿದರು. ಇವರು ಟಿವಿಯ ಕಡೆ ಮುಖ ಮಾಡಿ ಕೂತಿದ್ದರು, ಟಿವಿ ಹಚ್ಚಿರಲಿಲ್ಲ.

"ಯಾವ ರೊಟ್ಟಿ? ನಮ್ಮ ಸಂಕ್ರಾಂತಿ ಊಟದ್ದಾ? ನಿನಗ ಜ್ವರ ಬಂದಿತ್ತಲ್ಲ ಆವಾಗ?"

"ಜ್ವರ ಬಂದಿರಲಿಲ್ರಿ ಅಕ್ಕಾ" ಎಂದೆ. "ರೊಟ್ಟಿ ಆಗಿದ್ವು. ಎಲ್ಲಾ ಆಗಿದ್ವು."